ಬಾಯೊಳಗಿನ ಮೆಲನೋಮಾ: ಕಂಡದ್ದು ತಡವಾಯಿತೋ, ರೋಗದ ಸ್ವಭಾವವೇ ಬೇರೆಯೋ?

ಬಾಯಿ ಅಗಲಿಸಿ ತಲೆ ಹಿಂದಕ್ಕೆ ವಾಲಿಸಿದರೆ ಅಂಗುಳ ಪೂರ್ತಿ ಕಾಣುತ್ತದೆ. ನೋಡಲು ಸ್ಕ್ಯಾನ್ ಬೇಡ, ಅರಿವಳಿಕೆ ಬೇಡ, ಒಂದು ಟಾರ್ಚು ಸಾಕು. ಆದರೂ ಅಲ್ಲಿ ಹುಟ್ಟುವ ಮೆಲನೋಮಾ ಎಂಬ ಕ್ಯಾನ್ಸರು ಪತ್ತೆಯಾಗುವುದು ಬಹುಮಟ್ಟಿಗೆ ಗಡ್ಡೆ ಉಬ್ಬಿದ ಮೇಲೆ, ರಕ್ತ ಜಿನುಗಿದ ಮೇಲೆ, ಹಲ್ಲು ಅಲುಗಾಡಿದ ಮೇಲೆ, ಇಲ್ಲವೇ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸರಿಯಾಗಿ ಕೂರದೆ ಹೋದ ಮೇಲೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ದತ್ತಾಂಶ ಕೋಶದಲ್ಲಿದ್ದ ಸುಮಾರು 85 ಸಾವಿರ ಮೆಲನೋಮಾ ರೋಗಿಗಳ ವಿವರ 1998ರಲ್ಲಿ ಪ್ರಕಟವಾಯಿತು. ಚರ್ಮದ ಮೆಲನೋಮಾ ಬಂದವರಲ್ಲಿ ಐದು ವರ್ಷ ದಾಟಿದವರು ಶೇ 80.8. ಕಣ್ಣಿನದಾದರೆ ಶೇ 74.6. ಬಾಯಿ, ಮೂಗು, ಗುದ, ಯೋನಿಗಳ ಒಳಭಾಗವನ್ನು ಹೊದ್ದಿರುವ ಲೋಳೆಪೊರೆಯದಾದರೆ ಶೇ 25. ಬಾಯಿಯದನ್ನಷ್ಟೇ ಬೇರ್ಪಡಿಸಿ ನೋಡಿದ ಹಲವು ಅಧ್ಯಯನಗಳು ಇದಕ್ಕಿಂತಲೂ ಕೆಳಗಿನ ಅಂಕಿ ಕೊಟ್ಟಿವೆ.

ಬಣ್ಣ ತಯಾರಿಸುವ ಒಂದೇ ಜಾತಿಯ ಜೀವಕೋಶದಿಂದ ಹುಟ್ಟಿ ಒಂದೇ ಹೆಸರು ಹೊತ್ತ ಕಾಯಿಲೆ ಜಾಗ ಬದಲಾದ ಮಾತ್ರಕ್ಕೆ ಇಷ್ಟು ಬೇರೆ ಫಲ ಕೊಡುವುದೇಕೆ? ಇದಕ್ಕೆ ಎರಡು ಉತ್ತರಗಳಿವೆ. ಬಾಯೊಳಗೆ ಯಾರೂ ನೋಡಿಕೊಳ್ಳುವುದಿಲ್ಲ, ಹಾಗಾಗಿ ತಡವಾಗುತ್ತದೆ ಎನ್ನುವುದು ಒಂದು. ಇದು ಚರ್ಮದ ಮೆಲನೋಮಾ ಅಲ್ಲವೇ ಅಲ್ಲ, ಹೆಸರನ್ನಷ್ಟೇ ಹಂಚಿಕೊಂಡ ಬೇರೆ ರೋಗ, ಬೇಗ ಕಂಡರೂ ಅಷ್ಟೇ ಎನ್ನುವುದು ಇನ್ನೊಂದು. ಚಿಕಿತ್ಸೆ, ಹಂತ ನಿರ್ಣಯ, ರೋಗಿಗೆ ಹೇಳಬೇಕಾದ ಮಾತು, ಎಲ್ಲವೂ ಈ ಎರಡರಲ್ಲಿ ಯಾವುದನ್ನು ಒಪ್ಪುತ್ತೇವೆ ಎನ್ನುವುದರ ಮೇಲೆ ನಿಂತಿವೆ.

ಹಂಟರ್‌ನಿಂದ ಬ್ಯಾನ್ಫ್‌ವರೆಗೆ

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1787ರಲ್ಲಿ 35 ವರ್ಷದ ಒಬ್ಬನ ಕೆಳದವಡೆಯ ಮೂಲೆಯ ಹಿಂದೆ ಮರುಕಳಿಸಿದ್ದ ಗಂಟನ್ನು ಕೊಯ್ದು ತೆಗೆದ. ಅದೇನೆಂದು ಅವನಿಗೆ ಗೊತ್ತಿರಲಿಲ್ಲ, ಆದರೂ ಜೋಪಾನವಾಗಿ ತೆಗೆದಿಟ್ಟ. ಅದು ಮೆಲನೋಮಾ ಎಂದು ಸೂಕ್ಷ್ಮದರ್ಶಕದಲ್ಲಿ ಖಚಿತವಾದದ್ದು 1968ರಲ್ಲಿ. ಕಪ್ಪು ಗಡ್ಡೆಗಳೆಲ್ಲ ಒಂದು ಪ್ರತ್ಯೇಕ ರೋಗ ಎಂದು ಮೊದಲು ವಾದಿಸಿದವನು ಫ್ರಾನ್ಸಿನ ಲೆನೆಕ್. ಮುಂದೆ ಸ್ಟೆತೊಸ್ಕೋಪ್ ಕಂಡುಹಿಡಿದವನೂ ಇವನೇ. 1804ರಲ್ಲಿ ಉಪನ್ಯಾಸ ಕೊಟ್ಟು 1806ರಲ್ಲಿ ಪ್ರಕಟಿಸಿದ. ಆ ಯೋಚನೆ ತನ್ನದು ಎಂದು ಅವನ ಗುರು ಡ್ಯುಪ್ವಿತ್ರಾಂ ಜಗಳಕ್ಕೆ ನಿಂತ. ಮೆಲನೋಮಾ ಎಂಬ ಹೆಸರು ರಾಬರ್ಟ್ ಕಾರ್ಸ್‌ವೆಲ್ ಕೊಟ್ಟದ್ದು, 1838ರಲ್ಲಿ. ಲೋಳೆಪೊರೆಯ ಮೆಲನೋಮಾದ ಮೊದಲ ವಿವರಣೆ ವೆಬರ್‌ನದು, 1859ರದು ಎಂದು ಪಠ್ಯಗಳು ದಾಖಲಿಸುತ್ತವೆ.

1907ರಲ್ಲಿ ಲಂಡನ್ನಿನ ವಿಲಿಯಂ ಹ್ಯಾಂಡ್ಲಿ ಒಂದು ನಿಯಮ ಮಾಡಿದ: ಗಡ್ಡೆಯ ಸುತ್ತ ದೊಡ್ಡ ಅಂಚು ಬಿಟ್ಟು, ಆಳಕ್ಕೆ ಕೊಯ್ದು ತೆಗೆಯಬೇಕು. ಮುಖ್ಯ ಆಧಾರ ಒಬ್ಬ ರೋಗಿಯ ಶವಪರೀಕ್ಷೆ. ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತಿನ ಶಸ್ತ್ರವೈದ್ಯರು ಅದನ್ನೇ ಪಾಲಿಸಿದರು. ತೊಡೆಯಲ್ಲೋ ಬೆನ್ನಲ್ಲೋ ಅದು ಸಾಧ್ಯ. ಅಂಗುಳದಲ್ಲಿ ಹಾಗೆ ಅಂಚು ಬಿಡಲು ಹೊರಟರೆ ಮೂಗಿನ ತಳ, ಮೇಲ್ದವಡೆ, ಕೆನ್ನೆಯ ಕುಳಿ ಎಲ್ಲವೂ ಹೋಗುತ್ತವೆ.

1969ರಲ್ಲಿ ಕ್ಲಾರ್ಕ್, 1970ರಲ್ಲಿ ಬ್ರೆಸ್ಲೋ ಚರ್ಮದ ಮೆಲನೋಮಾವನ್ನು ಆಳದಿಂದ ಅಳೆಯಲು ಕಲಿಸಿದರು. ಎಷ್ಟು ಮಿಲಿಮೀಟರ್ ಇಳಿದಿದೆ ಎನ್ನುವುದರ ಮೇಲೆ ಬದುಕಿನ ಲೆಕ್ಕ ಹೇಳುವುದು ಸಾಧ್ಯವಾಯಿತು. ಚರ್ಮದ ವೈದ್ಯರ ಮಟ್ಟಿಗೆ ಇದೊಂದು ಕ್ರಾಂತಿ. ಬಾಯಿಗೆ ಮಾತ್ರ ಇದು ದಕ್ಕಲಿಲ್ಲ. ಕ್ಲಾರ್ಕ್ ಗುರುತು ಹಾಕಿದ ಚರ್ಮದ ಪದರಗಳು ಬಾಯ ಪೊರೆಯಲ್ಲಿ ಹಾಗೆ ಬೇರ್ಪಟ್ಟಿಲ್ಲ. ಒಸಡಿನಲ್ಲಿ, ಗಟ್ಟಿ ಅಂಗುಳದಲ್ಲಿ ಪೊರೆಗೂ ಮೂಳೆಗೂ ನಡುವೆ ಇರುವ ಅಂತರವೇ ಕೆಲವು ಮಿಲಿಮೀಟರು. ಅದೇ 1970ರಲ್ಲಿ ಅಮೆರಿಕದ ಬ್ಯಾಲಂಟೈನ್ ತಲೆ-ಕುತ್ತಿಗೆಯ ಮೆಲನೋಮಾಕ್ಕೆ ಮೂರೇ ಹಂತಗಳ ಸರಳ ವ್ಯವಸ್ಥೆ ಕೊಟ್ಟರು: ಹುಟ್ಟಿದಲ್ಲೇ ಇದೆ, ಕುತ್ತಿಗೆಯ ಗ್ರಂಥಿಗೆ ಬಂದಿದೆ, ದೂರಕ್ಕೆ ಹೋಗಿದೆ. ಒರಟಾದರೂ ಬಳಸಲು ಸುಲಭ, ಹಾಗಾಗಿ ದಶಕಗಟ್ಟಲೆ ಬಾಳಿತು.

1995ರಲ್ಲಿ ಕೆನಡಾದ ಬ್ಯಾನ್ಫ್ ಊರಿನಲ್ಲಿ ಉತ್ತರ ಅಮೆರಿಕದ ಪಶ್ಚಿಮ ಭಾಗದ ಓರಲ್ ಪೆಥಾಲಜಿ ಅಧ್ಯಾಪಕರು ಸೇರಿ ಬಾಯ ಮೆಲನೋಮಾದ ಸ್ಲೈಡುಗಳನ್ನು ಒಟ್ಟಿಗೆ ಹರಡಿಕೊಂಡು ಕೂತರು. ಪೊರೆಯ ಮೇಲ್ಪದರದಲ್ಲೇ ನಿಂತದ್ದು, ಒಳಗೆ ಇಳಿದದ್ದು, ಎರಡೂ ಬೆರೆತದ್ದು ಎಂದು ಮೂರು ಗುಂಪು ಮಾಡಿದರು. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಮೂರನೆಯ ಗುಂಪಿಗೆ ಸೇರಿದವು. ಅಂದರೆ ಗಡ್ಡೆಯ ಸುತ್ತಲೂ ಚಪ್ಪಟೆ ಕಪ್ಪು ಕಲೆ ಅಂಚಾಗಿ ಉಳಿದಿತ್ತು. ಗಡ್ಡೆ ಏಳುವ ಮೊದಲು ಕಲೆಯಾಗಿ ಇದ್ದಿರಬೇಕು ಎನ್ನುವ ಅನುಮಾನಕ್ಕೆ ಇದು ಬಲ ಕೊಟ್ಟಿತು. ಕ್ಯಾನ್ಸರು ಎನ್ನಲೂ ಆಗದ, ಅಲ್ಲ ಎನ್ನಲೂ ಆಗದ ಕಲೆಗಳಿಗೆ ಬೇರೆಯೇ ಹೆಸರಿಟ್ಟು, ಕಣ್ಣಿಟ್ಟಿರಿ ಎಂದು ಸಲಹೆ ಕೊಟ್ಟರು.

ನಮ್ಮ ಬಾಯಲ್ಲಿ ಕಪ್ಪು ಹೊಸದಲ್ಲ

ಇಂಗ್ಲಿಷ್ ಪಠ್ಯಪುಸ್ತಕದ ಮೊದಲ ಪಾಠ, ಬಾಯಲ್ಲಿ ಕಪ್ಪು ಕಲೆ ಕಂಡರೆ ಅನುಮಾನಿಸು ಎನ್ನುವುದು. ಬೆಳ್ಳಗಿನ ಜನರ ಗುಲಾಬಿ ಒಸಡಿಗೆ ಅದು ಸರಿ. ಕರ್ನಾಟಕದ ಯಾವ ಹಳ್ಳಿಗೆ ಹೋಗಿ ಹತ್ತು ಜನರ ತುಟಿ ಎತ್ತಿ ನೋಡಿದರೂ ಅವರಲ್ಲಿ ಬಹುಪಾಲು ಮಂದಿಯ ಒಸಡಿನ ಮೇಲೆ ಕಂದು ಕಪ್ಪಿನ ಪಟ್ಟಿ ಇರುತ್ತದೆ. ಅದು ಹುಟ್ಟಿನಿಂದ ಬಂದ ಬಣ್ಣ. ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳ ಸಂಖ್ಯೆ ಎಲ್ಲ ಜನಾಂಗಗಳಲ್ಲೂ ಹೆಚ್ಚುಕಡಿಮೆ ಒಂದೇ, ನಮ್ಮವು ಹೆಚ್ಚು ಕೆಲಸ ಮಾಡುತ್ತವೆ ಅಷ್ಟೇ. ಅದರ ಮೇಲೆ ಬೀಡಿ-ಸಿಗರೇಟಿನ ಹೊಗೆಯಿಂದ ಕಪ್ಪಾದ ಒಸಡು, ಎಲೆಅಡಿಕೆ ಕಡ್ಡಿಪುಡಿಯ ಕಲೆ, ಮಲೇರಿಯಾಕ್ಕೋ ಸಂಧಿವಾತಕ್ಕೋ ನುಂಗಿದ ಕ್ಲೋರೋಕ್ವಿನ್ ಬಳಗದ ಮಾತ್ರೆಗಳಿಂದ ಅಂಗುಳಕ್ಕೆ ಬರುವ ನೀಲಿ ಛಾಯೆ, ಹಲ್ಲಿಗೆ ಬೆಳ್ಳಿ ತುಂಬಿಸಿದಾಗ ಚೂರು ಒಸಡೊಳಗೆ ಸೇರಿ ಉಳಿಯುವ ಬೂದುಬಣ್ಣ. ಅಡ್ರಿನಲ್ ಗ್ರಂಥಿ ಸೋತು ಬರುವ ಅಡಿಸನ್ ಕಾಯಿಲೆಯಲ್ಲೂ ಬಾಯಿ ಕಪ್ಪಾಗುತ್ತದೆ. ಇಷ್ಟೆಲ್ಲ ಕಪ್ಪಿನ ನಡುವೆ ಒಂದು ಕೆಟ್ಟ ಕಪ್ಪನ್ನು ಹೆಕ್ಕುವುದು ಹೇಗೆ?

ಚರ್ಮಕ್ಕಾಗಿ ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಕೊಟ್ಟ ಸೂತ್ರವಿದೆ. ಎರಡು ಪಕ್ಕ ಸಮವಾಗಿಲ್ಲದಿರುವುದು, ಅಂಚು ಹರಿದಂತಿರುವುದು, ಬಣ್ಣ ಹಲವಿರುವುದು, ಅಗಲ ಆರು ಮಿಲಿಮೀಟರ್ ಮೀರಿರುವುದು. ಮಚ್ಚೆ ಬದಲಾಗುತ್ತಿರುವುದು ಎಂಬ ಐದನೆಯದನ್ನು ಆಮೇಲೆ ಸೇರಿಸಿದರು. ಬಾಯಲ್ಲಿ ಮೊದಲ ನಾಲ್ಕು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಸಹಜ ಒಸಡಿನ ಪಟ್ಟಿಯೇ ಆರು ಮಿಲಿಮೀಟರಿಗಿಂತ ದೊಡ್ಡದು, ಅಂಚೂ ನೇರವಿರುವುದಿಲ್ಲ. ಕೆಲಸಕ್ಕೆ ಬರುವುದು ಐದನೆಯದು: ಬದಲಾವಣೆ. ಅದನ್ನು ಹಿಡಿಯಬೇಕಾದರೆ ಹಿಂದೆ ಹೇಗಿತ್ತೆಂದು ಯಾರಾದರೂ ಬರೆದಿಟ್ಟಿರಬೇಕು, ಇಲ್ಲವೇ ಫೋಟೋ ತೆಗೆದಿರಬೇಕು.

ನುರಿತ ದಂತವೈದ್ಯರು ನೋಡುವ ರೀತಿಯೇ ಬೇರೆ. ಮೊದಲು ಸೆಟ್ಟು ತೆಗೆಸುತ್ತಾರೆ, ಅದರಡಿಯಲ್ಲೇ ಎಷ್ಟೋ ಕಲೆಗಳು ವರ್ಷಗಟ್ಟಲೆ ಅಡಗಿರುತ್ತವೆ. ಜಾಗ ಒರೆಸಿ ಕನ್ನಡಿ ಹಿಡಿದು ನೋಡುತ್ತಾರೆ, ಬೆರಳಿನಿಂದ ಒತ್ತುತ್ತಾರೆ. ಗಾಜಿನ ಸ್ಲೈಡಿನಿಂದ ಅದುಮಿದಾಗ ಬಣ್ಣ ಮಾಯವಾದರೆ ಅದು ರಕ್ತನಾಳದ್ದು. ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಹಲ್ಲಿಗೆ ತುಂಬಿದ ಲೋಹದ್ದು. ಎರಡೂ ಪಕ್ಕ ಒಂದೇ ತೆರನಾಗಿ ಇರುವ, ಬಾಲ್ಯದಿಂದ ಇದ್ದ ಬಣ್ಣಕ್ಕೆ ಹೆದರಬೇಕಿಲ್ಲ. ಮಧ್ಯವಯಸ್ಸು ದಾಟಿದವರ ಗಟ್ಟಿ ಅಂಗುಳದಲ್ಲೋ ಮೇಲ್ದವಡೆಯ ಒಸಡಿನಲ್ಲೋ ಒಂದೇ ಪಕ್ಕಕ್ಕೆ ಹೊಸದಾಗಿ ಬಂದ ಕಪ್ಪು, ಬೇರೆ ಕಾರಣ ಸಿಗದಿದ್ದರೆ, ಬಯಾಪ್ಸಿಗೆ ಹೋಗಬೇಕು. ಬಾಯ ಮೆಲನೋಮಾದಲ್ಲಿ ಹತ್ತಕ್ಕೆ ಏಳೆಂಟು ಹುಟ್ಟುವುದು ಈ ಎರಡು ಜಾಗಗಳಲ್ಲೇ.

ಬಣ್ಣವೇ ಇಲ್ಲದ ಮೆಲನೋಮಾ ಇನ್ನೂ ಮೋಸದ್ದು. ಕೆಂಪಗೆ, ಮೆತ್ತಗೆ, ಮುಟ್ಟಿದರೆ ರಕ್ತ ಬರುವಂತಿದ್ದು, ಒಸಡಿನ ಸಾಮಾನ್ಯ ಗುಳ್ಳೆ ಎನಿಸುತ್ತದೆ. ಕೊಯ್ದು ಎಸೆದರೆ ಕತೆ ಮುಗಿಯಿತು. ಬಾಯಿಂದ ಕೊಯ್ದ ಯಾವ ತುಣುಕನ್ನೂ ಲ್ಯಾಬಿಗೆ ಕಳಿಸದೆ ಬಿಸಾಡಬಾರದು ಎಂದು ದಂತ ಕಾಲೇಜುಗಳಲ್ಲಿ ಗದರಿಸಿ ಕಲಿಸುವುದು ಇದಕ್ಕೇ.

ಲ್ಯಾಬಿನಲ್ಲಿಯೂ ಗೋಜಲು ಕಡಿಮೆಯಿಲ್ಲ. ಕೆಲವು ಗಡ್ಡೆಗಳಲ್ಲಿ ಕಪ್ಪು ಎಷ್ಟು ದಟ್ಟವೆಂದರೆ ಕೋಶದ ಒಳಗಿನ ನ್ಯೂಕ್ಲಿಯಸ್ಸೇ ಕಾಣುವುದಿಲ್ಲ. ಪೆಥಾಲಜಿಸ್ಟ್ ಆ ತೆಳು ಪದರವನ್ನು ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲೋ ಹೈಡ್ರೋಜನ್ ಪೆರಾಕ್ಸೈಡಿನಲ್ಲೋ ಬಿಳಿಚಿಸಿ, ಮತ್ತೆ ಬಣ್ಣ ಹಾಕಿ ನೋಡಬೇಕು. ಗುರುತು ಹಿಡಿಯಲು ಬಳಸುವ ಎಸ್-100, ಎಚ್‌ಎಂಬಿ-45, ಮೆಲಾನ್-ಎ, ಸಾಕ್ಸ್-10 ಪರೀಕ್ಷೆಗಳಲ್ಲಿ ಉತ್ತರ ಸಾಮಾನ್ಯವಾಗಿ ಕಂದು ಬಣ್ಣವಾಗಿ ಮೂಡುತ್ತದೆ. ಮೆಲನಿನ್ನೂ ಕಂದೇ. ಹಾಗಾಗಿ ಕೆಂಪು ಬಣ್ಣ ಬರುವ ರಾಸಾಯನಿಕ ಬಳಸುತ್ತಾರೆ. ಸ್ಲೈಡು ಸಿದ್ಧವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದು ಬಾಯಲ್ಲೇ ಹುಟ್ಟಿದ್ದೋ, ಚರ್ಮದ ಯಾವುದೋ ಮಚ್ಚೆಯಿಂದ ಇಲ್ಲಿಗೆ ಹರಡಿದ್ದೋ? ಮೇಲ್ಪದರದಲ್ಲಿ ಕೆಟ್ಟ ಕೋಶಗಳು ಹರಡಿಕೊಂಡಿದ್ದರೆ ಇಲ್ಲಿಯದೇ ಎಂಬ ತೀರ್ಮಾನಕ್ಕೆ ಬರುತ್ತಾರೆ. ಹುಣ್ಣಾಗಿ ಮೇಲ್ಪದರವೇ ಹೋಗಿದ್ದರೆ ರೋಗಿಯ ಮೈಯೆಲ್ಲ ಹುಡುಕಬೇಕಾಗುತ್ತದೆ.

ತುಸು ಕೊಯ್ದು ನೋಡುವ ಬಯಾಪ್ಸಿಯಿಂದಲೇ ರೋಗ ಹರಡುತ್ತದೆಯೇ ಎಂಬ ಭಯ ಹಳೆಯದು. ನಮ್ಮ ಜನರಲ್ಲಿ ಚಾಕು ತಾಗಿದರೆ ಕ್ಯಾನ್ಸರು ಕೆರಳುತ್ತದೆ ಎಂಬ ನಂಬಿಕೆಯಿದೆ. ಏಷ್ಯಾದ ಕೆಲವು ತಜ್ಞರೂ ಗಡ್ಡೆಯನ್ನು ತುಂಡು ಮಾಡದೆ ಇಡಿಯಾಗಿ ತೆಗೆಯುವುದನ್ನೋ, ಹೆಪ್ಪುಗಟ್ಟಿಸಿ ಕೊಯ್ಯುವುದನ್ನೋ ಇಷ್ಟಪಡುತ್ತಾರೆ. ಬಯಾಪ್ಸಿಯಿಂದ ಆಯುಷ್ಯ ಕಡಿಮೆಯಾಯಿತು ಎನ್ನಲು ಗಟ್ಟಿ ಪುರಾವೆಯಿಲ್ಲ. ಬಯಾಪ್ಸಿಗೆ ಹೆದರಿ ತಿಂಗಳುಗಳನ್ನು ಕಳೆಯುವುದಂತೂ ನಿಜ.

ತಡವೇ ಕಾರಣ ಎನ್ನುವವರು

ಈ ಪಂಥದ ವಾದ ಸರಳ. ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಗಡ್ಡೆ ಏಳುವ ಮೊದಲು ಅದೇ ಜಾಗದಲ್ಲಿ ತಿಂಗಳು, ಕೆಲವೊಮ್ಮೆ ವರ್ಷಗಳ ಕಾಲ ಕಪ್ಪು ಕಲೆ ಇದ್ದದ್ದು ದಾಖಲಾಗಿದೆ. ನೋವಿಲ್ಲದ ಕಾರಣ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನ್ಯೂಯಾರ್ಕಿನ ತಜ್ಞರು 2004ರಲ್ಲಿ, ಕುತ್ತಿಗೆಗೆ ಇನ್ನೂ ಹರಡದ ತಲೆ-ಕುತ್ತಿಗೆಯ ಲೋಳೆಪೊರೆ ಮೆಲನೋಮಾಗಳನ್ನು ಆಳದ ಪ್ರಕಾರ ಮೂರು ಮಾಡಿ ನೋಡಿದರು. ಮೇಲ್ಪದರದಲ್ಲೇ ಇದ್ದವರ ನಡುಮಟ್ಟದ ಆಯುಷ್ಯ ಹನ್ನೊಂದು ವರ್ಷದ ಆಸುಪಾಸು, ಅದರ ಕೆಳಗಿನ ಪದರಕ್ಕಿಳಿದವರದು ಆರು ವರ್ಷಕ್ಕೆ ಸಮೀಪ, ಮಾಂಸಕ್ಕೋ ಮೂಳೆಗೋ ಮುಟ್ಟಿದವರದು ಒಂದೂವರೆ ವರ್ಷಕ್ಕೂ ಕಡಿಮೆ. ಇಷ್ಟು ದೊಡ್ಡ ಅಂತರ ಕಂಡ ಮೇಲೆ ತಡಕ್ಕೆ ಬೆಲೆಯಿಲ್ಲ ಎನ್ನುವುದು ಹೇಗೆ?

ವಿರೋಧಿಗಳ ಹತ್ತಿರ ಉತ್ತರವಿದೆ. ಆ ಅಧ್ಯಯನದಲ್ಲಿದ್ದವರು ನೂರಕ್ಕೂ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಮೇಲ್ಪದರದಲ್ಲೇ ಸಿಕ್ಕಿದ ಗಡ್ಡೆ ಬೇಗ ಸಿಕ್ಕಿದ್ದಕ್ಕೆ ಒಳ್ಳೆಯದಾಯಿತೋ, ಅಥವಾ ನಿಧಾನವಾಗಿ ಬೆಳೆಯುವ ಜಾತಿಯದಾದ್ದರಿಂದಲೇ ಮೇಲ್ಪದರದಲ್ಲಿ ಸಿಕ್ಕಿತೋ? ವರ್ಷಗಟ್ಟಲೆ ಚಪ್ಪಟೆಯಾಗಿ ಕೂತ ಕಲೆ ವೈದ್ಯರ ಕಣ್ಣಿಗೆ ಬೀಳುವ ಅವಕಾಶ ಹೆಚ್ಚು. ಮೂರು ತಿಂಗಳಲ್ಲಿ ಮೂಳೆ ಕೊರೆಯುವ ಗಡ್ಡೆ ಆ ಅವಕಾಶವನ್ನೇ ಕೊಡುವುದಿಲ್ಲ. ಬೇಗ ಕಂಡವರು ಹೆಚ್ಚು ಬದುಕಿದರು ಎಂಬ ಎಲ್ಲ ಲೆಕ್ಕಗಳಲ್ಲೂ ಈ ಸೋರಿಕೆ ಇದ್ದೇ ಇದೆ.

ಸ್ವಭಾವವೇ ಬೇರೆ ಎನ್ನುವವರು

ಈ ಪಂಥಕ್ಕೆ ದೊಡ್ಡ ಬಲ ಸಿಕ್ಕಿದ್ದು 2005ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕರ್ಟಿನ್, ಬ್ಯಾಸ್ಟಿಯನ್ ಮತ್ತವರ ಸಂಗಡಿಗರು ಮೆಲನೋಮಾಗಳ ಡಿಎನ್‌ಎಯನ್ನು ಜಾಗವಾರು ಹೋಲಿಸಿದರು. ಆಗಾಗ ಬಿಸಿಲು ಬೀಳುವ ಚರ್ಮದ ಮೆಲನೋಮಾಗಳಲ್ಲಿ ಬಿ-ರಾಫ್ ಜೀನಿನ ದೋಷ ಧಾರಾಳ. ಅಂಗೈ-ಅಂಗಾಲು, ಲೋಳೆಪೊರೆಯವುಗಳಲ್ಲಿ ಅದು ಅಪರೂಪ. ಬದಲಿಗೆ ಕ್ರೋಮೋಸೋಮಿನ ತುಂಡುಗಳೇ ಕಳೆದುಹೋಗಿದ್ದವು, ಇಲ್ಲವೇ ಹಲವು ಪಟ್ಟು ಹೆಚ್ಚಿದ್ದವು. ಮರುವರ್ಷ ಅದೇ ತಂಡ ಲೋಳೆಪೊರೆಯ ಮೆಲನೋಮಾಗಳಲ್ಲಿ ಶೇ 39ರಷ್ಟರಲ್ಲಿ ಕಿಟ್ ಎಂಬ ಜೀನು ಕೆಟ್ಟಿದೆ ಎಂದಿತು. ಆಮೇಲಿನ ಹಲವು ಅಧ್ಯಯನಗಳಲ್ಲಿ ಈ ಪ್ರಮಾಣ ಸಾಕಷ್ಟು ಇಳಿಯಿತು. 2017ರಲ್ಲಿ ಆಸ್ಟ್ರೇಲಿಯಾದ ತಂಡ ಇಡೀ ಜೀನೋಮ್ ಓದಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಚರ್ಮದ ಗಡ್ಡೆಗಳ ತುಂಬ ನೇರಳಾತೀತ ಕಿರಣದ ಗಾಯಗಳು, ಲೋಳೆಪೊರೆಯದರಲ್ಲಿ ಅವು ಹೆಚ್ಚುಕಡಿಮೆ ಇಲ್ಲ, ಒಟ್ಟು ತಪ್ಪುಗಳೂ ಕಡಿಮೆ.

ಬಾಯಿಗೆ ಬಿಸಿಲು ಬೀಳುವುದಿಲ್ಲ, ಅದರಲ್ಲಿ ಆಶ್ಚರ್ಯವೇನಿಲ್ಲ. ಹಾಗಾದರೆ ಕಾರಣವೇನು? ಅಡಿಕೆ, ಹೊಗೆಸೊಪ್ಪು ಬಾಯ ಸಾಮಾನ್ಯ ಕ್ಯಾನ್ಸರಿಗೆ ಕಾರಣ ಎನ್ನುವುದರಲ್ಲಿ ಸಂಶಯವಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ತಲೆ-ಕುತ್ತಿಗೆ ವಿಭಾಗದ ಮುಂದೆ ಅರ್ಧ ತಾಸು ನಿಂತರೆ ಸಾಕು. ಮೆಲನೋಮಾದ ವಿಷಯದಲ್ಲಿ ಹೊಗೆಸೊಪ್ಪಿನ ಪಾತ್ರ ಸಾಬೀತಾಗಿಲ್ಲ. ಸರಿ ಕೂರದ ಸೆಟ್ಟಿನ ಉಜ್ಜಾಟ, ಹೊಗೆ, ಫಾರ್ಮಾಲ್ಡಿಹೈಡ್ ಹೀಗೆ ಹಲವನ್ನು ಕಟಕಟೆಗೆ ತಂದರು, ಯಾವುದರ ಮೇಲೂ ಆರೋಪ ನಿಲ್ಲಲಿಲ್ಲ.

ಸ್ವಭಾವವಾದಿಗಳ ಗೆಲುವು ನಿಯಮಪುಸ್ತಕಕ್ಕೂ ಬಂತು. ಅಮೆರಿಕದ ಜಂಟಿ ಕ್ಯಾನ್ಸರ್ ಸಮಿತಿಯ ಏಳನೇ ಆವೃತ್ತಿ 2010ರಿಂದ ಜಾರಿಗೆ ಬಂದಾಗ ತಲೆ-ಕುತ್ತಿಗೆಯ ಲೋಳೆಪೊರೆ ಮೆಲನೋಮಾಕ್ಕೆ ಒಂದನೇ, ಎರಡನೇ ಹಂತಗಳನ್ನೇ ಇಡಲಿಲ್ಲ. ಎಷ್ಟೇ ಚಿಕ್ಕದಿರಲಿ, ಎಷ್ಟೇ ತೆಳುವಿರಲಿ, ಒಳಗೆ ಇಳಿದದ್ದಾದರೆ ನೇರ ಮೂರನೇ ಹಂತ. ಎಂಟನೇ ಆವೃತ್ತಿಯೂ ಒಂದನೇ, ಎರಡನೇ ಹಂತಗಳನ್ನು ತರಲಿಲ್ಲ. ರೋಗದ ಭೀಕರತೆಯನ್ನು ವೈದ್ಯರಿಗೆ ಮನವರಿಕೆ ಮಾಡುವುದು ಇದರ ಉದ್ದೇಶ. ಆದರೆ ಇದರಿಂದ ಒಂದು ತೊಡಕು ಹುಟ್ಟಿತು ಎನ್ನುವುದು ನನ್ನ ಅಭಿಪ್ರಾಯ. ಒಂದು ಮಿಲಿಮೀಟರಿನದೂ ಐದು ಮಿಲಿಮೀಟರಿನದೂ ಒಂದೇ ಕಾಲಂಗೆ ಬಿದ್ದರೆ, ಬೇಗ ಕಂಡವರಿಗೆ ಒಳ್ಳೆಯದಾಗುತ್ತದೆಯೇ ಎಂದು ದಾಖಲೆಗಳಿಂದ ತಿಳಿಯುವ ದಾರಿಯೇ ಕಿರಿದಾಗುತ್ತದೆ. ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ತೀರ್ಪು ಬರೆದಂತಾಯಿತು.

ಇನ್ನೊಂದು ಹೋಲಿಕೆ ಸ್ವಭಾವವಾದಿಗಳಿಗೆ ಅನುಕೂಲ. ಮೂಗಿನೊಳಗಿನ ಮೆಲನೋಮಾ ಕಣ್ಣಿಗೆ ಬೀಳುವುದೇ ಇಲ್ಲ, ಬಾಯಿಯದು ಬೀಳುತ್ತದೆ. ತಡವೊಂದೇ ಕಾರಣವಾಗಿದ್ದರೆ ಬಾಯಿಯವರು ಎಷ್ಟೋ ಮೇಲಾಗಿರಬೇಕಿತ್ತು. ಹಾಗೇನಿಲ್ಲ. ಕುತ್ತಿಗೆಯ ಗ್ರಂಥಿಗೆ ಹರಡುವುದರಲ್ಲಂತೂ ಬಾಯಿಯದೇ ಮುಂದು.

ಏಷ್ಯಾದವರಿಗೆ ಹೆಚ್ಚೇ?

ಜಪಾನ್, ಚೀನಾ, ಭಾರತದವರಲ್ಲಿ ಬಾಯ ಮೆಲನೋಮಾ ಹೆಚ್ಚು ಎಂಬ ಮಾತು ಪಠ್ಯದಿಂದ ಪಠ್ಯಕ್ಕೆ ನಕಲಾಗುತ್ತ ಬಂದಿದೆ. ಬೀಜಿಂಗಿನ ತಂಡ 2011ರಲ್ಲಿ ಪ್ರಕಟಿಸಿದ 522 ರೋಗಿಗಳ ವರದಿಯಲ್ಲಿ ಲೋಳೆಪೊರೆಯದು ಶೇ 22.6. ಮೊದಲು ಹೇಳಿದ ಅಮೆರಿಕದ ವರದಿಯಲ್ಲಿ ಅದು ಶೇ 1.3. ಮೇಲ್ನೋಟಕ್ಕೆ ಹದಿನೇಳು ಪಟ್ಟು. ಆದರೆ ಇದು ಪಾಲಿನ ಲೆಕ್ಕ, ಸಂಖ್ಯೆಯದಲ್ಲ. ಅಮೆರಿಕದಲ್ಲಿ ಹತ್ತು ಲಕ್ಷ ಜನರಿಗೆ ವರ್ಷಕ್ಕೆ ಚರ್ಮದ ಮೆಲನೋಮಾ 150ಕ್ಕೂ ಹೆಚ್ಚು, ಲೋಳೆಪೊರೆಯದು ಎರಡರ ಆಸುಪಾಸು ಎಂದು 2005ರ ಲೆಕ್ಕವೊಂದು ಹೇಳುತ್ತದೆ. ನಮ್ಮಲ್ಲಿ ಚರ್ಮದ ಮೆಲನೋಮಾವೇ ತೀರಾ ಕಡಿಮೆ, ಹಾಗಾಗಿ ಉಳಿದದ್ದರ ಪಾಲು ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ತಲಾವಾರು ಹೆಚ್ಚಿದೆಯೇ ಎಂದು ಹೇಳಲು ಇಡೀ ಜನಸಂಖ್ಯೆಯ ದಾಖಲೆ ಬೇಕು. ನಮ್ಮ ದಂತ ಕಾಲೇಜುಗಳಿಂದ ಬಂದಿರುವುದು ಹೆಚ್ಚಾಗಿ ಒಬ್ಬಿಬ್ಬರು ರೋಗಿಗಳ ವರದಿಗಳು. ಅವುಗಳಿಂದ ಫೋಟೋಗಳು ಧಾರಾಳವಾಗಿ ಸಿಗುತ್ತವೆ, ಐದು ವರ್ಷದ ಮುಂದಿನ ಸುದ್ದಿ ಸಿಗುವುದಿಲ್ಲ.

ಕತ್ತಿ, ಕಿರಣ, ಔಷಧ

ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ ಎನ್ನುವುದರಲ್ಲಿ ಎಲ್ಲ ಪಂಥಗಳೂ ಒಂದೇ. ಮೇಲ್ದವಡೆಯ ಭಾಗ ತೆಗೆದರೆ ಬಾಯಿಗೂ ಮೂಗಿಗೂ ನಡುವಿನ ಗೋಡೆ ಹೋಗುತ್ತದೆ. ಕುಡಿದ ಗಂಜಿ ಮೂಗಿನಿಂದ ಬರುತ್ತದೆ. ಪ, ಬ ಹೇಳಲು ಬಾಯೊಳಗೆ ಗಾಳಿ ತಡೆಯಬೇಕು, ಅದು ಮೂಗಿಗೆ ಸೋರಿ 'ಬಾ' ಎಂದದ್ದು 'ಮಾ' ಎಂದು ಕೇಳುತ್ತದೆ. ಅಬ್ಟುರೇಟರ್ ಎಂಬ, ಹಲ್ಲಿನ ಸೆಟ್ಟಿಗೆ ಬಿರಡೆ ಜೋಡಿಸಿದಂಥ ಸಾಧನ ಕೂರಿಸಿದ ದಿನ ಮಾತು ಬಹುಮಟ್ಟಿಗೆ ಮರಳುತ್ತದೆ. ಇಷ್ಟು ಕಳೆದುಕೊಂಡ ಮೇಲೂ ಎಷ್ಟೋ ಮಂದಿಯಲ್ಲಿ ರೋಗ ಮರಳುವುದು ಶ್ವಾಸಕೋಶ, ಯಕೃತ್ತು, ಮೆದುಳುಗಳಲ್ಲಿ. ಕತ್ತಿ ಅಲ್ಲಿಗೆ ಹೋಗಲಾರದು.

ಮೆಲನೋಮಾ ವಿಕಿರಣಕ್ಕೆ ಬಗ್ಗುವುದಿಲ್ಲ ಎಂದು ಬಹುಕಾಲ ನಂಬಿದ್ದರು. ಫ್ರಾನ್ಸಿನ ಹಲವು ಆಸ್ಪತ್ರೆಗಳ 160 ರೋಗಿಗಳ ಅಧ್ಯಯನ 2010ರಲ್ಲಿ, ಶಸ್ತ್ರಕ್ರಿಯೆಯ ನಂತರ ವಿಕಿರಣ ಕೊಟ್ಟರೆ ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಾಗುತ್ತದೆ, ಆಯುಷ್ಯ ಹೆಚ್ಚುವುದಿಲ್ಲ ಎಂದಿತು. ಜಪಾನಿನಲ್ಲಿ ಕಾರ್ಬನ್ ಅಯಾನು ಕಿರಣದಿಂದ ಚಿಕಿತ್ಸೆ ಪಡೆದ 260 ತಲೆ-ಕುತ್ತಿಗೆ ರೋಗಿಗಳಲ್ಲಿ ಎರಡು ವರ್ಷದ ಹೊತ್ತಿಗೆ ಶೇ 80ಕ್ಕೂ ಹೆಚ್ಚಿನವರಲ್ಲಿ ಗಡ್ಡೆ ಹತೋಟಿಯಲ್ಲಿತ್ತು. ಬದುಕಿದ್ದವರು ಶೇ 69ರಷ್ಟು. ಎರಡು ಅಂಕಿಗಳ ನಡುವಿನ ಅಂತರವೇ ಈ ರೋಗದ ಸ್ವಭಾವ ಹೇಳುತ್ತದೆ: ಬಾಯಲ್ಲಿ ಗೆದ್ದು ಮೈಯಲ್ಲಿ ಸೋಲುವುದು.

ಕಿಟ್ ದೋಷವಿದ್ದವರಿಗೆ ರಕ್ತದ ಕ್ಯಾನ್ಸರಿನ ಮಾತ್ರೆ ಇಮಾಟಿನಿಬ್ ಕೊಟ್ಟು ನೋಡಿದರು. ಚೀನಾದ 43 ಜನರ ಪ್ರಯೋಗದಲ್ಲಿ ಸುಮಾರು ಕಾಲುಭಾಗದವರಲ್ಲಿ ಗಡ್ಡೆ ಕುಗ್ಗಿತು, ಹೆಚ್ಚಿನವರಲ್ಲಿ ಮತ್ತೆ ಬೆಳೆಯಿತು. 2013ರಲ್ಲಿ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಈ ಮಾತ್ರೆ ನಮ್ಮಲ್ಲಿ ಅಗ್ಗ. ಈ ರೋಗದ ಹೊಸ ಔಷಧಗಳ ಪೈಕಿ ಬಡವರ ಕೈಗೆಟುಕುವುದು ಅದೊಂದೇ ಎನ್ನಬೇಕು.

ನಿಜವಾದ ತಿರುವು ಇಮ್ಯುನೊಥೆರಪಿಯದು, ಅಂದರೆ ಮೈಯ ರೋಗನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಬಿಡುವ ಚಿಕಿತ್ಸೆಯದು. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ತಂದ ಸಂಶೋಧನೆಯಿಂದ ಹುಟ್ಟಿದ ಔಷಧಗಳು ಚರ್ಮದ ಮೆಲನೋಮಾದ ಚರಿತ್ರೆಯನ್ನೇ ಬದಲಿಸಿದವು. 2017ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಔಷಧಗಳ ಪೈಕಿ ನಿವೊಲುಮ್ಯಾಬ್ ಒಂದನ್ನೇ ಕೊಟ್ಟರೆ ಚರ್ಮದವರಲ್ಲಿ ಶೇ 40.9, ಲೋಳೆಪೊರೆಯವರಲ್ಲಿ ಶೇ 23.3 ಮಂದಿಗೆ ಗಡ್ಡೆ ಕುಗ್ಗಿತ್ತು. ಇಪಿಲಿಮುಮ್ಯಾಬ್ ಜೊತೆಗೂಡಿಸಿದರೆ ಶೇ 60.4 ಮತ್ತು 37.1. ತಪ್ಪುಗಳು ಕಡಿಮೆಯಿರುವ ಗಡ್ಡೆ ರೋಗನಿರೋಧಕ ಕೋಶಗಳಿಗೆ ಪರಕೀಯವಾಗಿ ಕಾಣುವುದೂ ಕಡಿಮೆ, ಅದಕ್ಕೇ ಈ ಅಂತರ ಎಂಬುದು ಒಂದು ವಿವರಣೆ. ಸ್ವಭಾವವಾದಕ್ಕೆ ಇದೂ ಪುಷ್ಟಿಯೇ. ಆದರೂ ಶೇ 37 ಎನ್ನುವುದು ಹಳೆಯ ಕಿಮೊಥೆರಪಿಯ ಕಾಲದವರಿಗೆ ಕನಸಿನ ಮಾತು. ದೂರಕ್ಕೆ ಹರಡಿದ ಮೇಲೂ, ಜೋಡಿ ಔಷಧ ಪಡೆದ ಲೋಳೆಪೊರೆಯ ರೋಗಿಗಳಲ್ಲಿ ಐದು ವರ್ಷ ದಾಟಿದವರು ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಎಂದು ಒಂದು ದೊಡ್ಡ ಪ್ರಯೋಗದ ಚಿಕ್ಕ ಗುಂಪಿನಿಂದ ಗೊತ್ತಾಗಿದೆ. 1998ರ ಶೇ 25 ಎಲ್ಲ ಹಂತಗಳವರನ್ನೂ ಸೇರಿಸಿದ್ದು ಎನ್ನುವುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ.

ನಾಯಿಗಳ ಸಾಕ್ಷ್ಯ

ನಾಯಿಗಳ ಬಾಯಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರೇ ಮೆಲನೋಮಾ. ಅವಕ್ಕೂ ಬಿಸಿಲಿನ ಸಂಬಂಧವಿಲ್ಲ, ಬಿ-ರಾಫ್ ದೋಷ ಅಪರೂಪ, ಶ್ವಾಸಕೋಶಕ್ಕೆ ಹರಡುವ ರೀತಿಯೂ ಅದೇ. ಮನುಷ್ಯನ ಟೈರೋಸಿನೇಸ್ ಜೀನಿನಿಂದ ನಾಯಿಗಳ ಈ ರೋಗಕ್ಕೆಂದು ಮಾಡಿದ ಲಸಿಕೆಗೆ ಅಮೆರಿಕದ ಕೃಷಿ ಇಲಾಖೆ 2007ರಲ್ಲಿ ಷರತ್ತಿನ ಮೇಲೆ, 2010ರಲ್ಲಿ ಪೂರ್ಣವಾಗಿ ಅನುಮತಿ ಕೊಟ್ಟಿತು. ಆಮೇಲಿನ ಹೋಲಿಕೆಗಳಲ್ಲಿ ಲಸಿಕೆಯಿಂದ ಲಾಭವಾಯಿತೇ ಎಂಬ ಬಗ್ಗೆ ಒಮ್ಮತವಿಲ್ಲ. ನಾಯಿಗಳಲ್ಲಿಯೂ ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯಿದ್ದವು ಹೆಚ್ಚು ಕಾಲ ಬದುಕುತ್ತವೆ. ತಡವಾದಿಗಳು ಇದನ್ನು ಎತ್ತಿ ಹೇಳುತ್ತಾರೆ. ಹಾಗೆ ಬದುಕಿದವು ಕೂಡ ಕೊನೆಗೆ ಸಾಯುವುದು ಹೆಚ್ಚಾಗಿ ಇದೇ ರೋಗದಿಂದ ಎನ್ನುವುದನ್ನು ಸ್ವಭಾವವಾದಿಗಳು ಎತ್ತಿ ಹೇಳುತ್ತಾರೆ.

ತೀರ್ಮಾನವಾಗದೆ ಉಳಿದದ್ದು

ನನಗೆ ಕಾಣುವ ಮಟ್ಟಿಗೆ ಸ್ವಭಾವವಾದ ಹೆಚ್ಚು ಸರಿ, ತಡದ ವಾದ ಹೆಚ್ಚು ಉಪಯೋಗಿ. ರೋಗ ಬೇರೆ ಎನ್ನುವುದು ಡಿಎನ್‌ಎಯಿಂದ ಸಾಬೀತಾಗಿದೆ. ಆದರೆ ಬೇರೆ ರೋಗ ಎಂದ ಮಾತ್ರಕ್ಕೆ ಬೇಗ ಹಿಡಿದರೆ ಪ್ರಯೋಜನವಿಲ್ಲ ಎಂದು ಅದರಿಂದ ಸಾಬೀತಾಗುವುದಿಲ್ಲ.

ಚಪ್ಪಟೆ ಕಲೆ ಎಷ್ಟು ಜನರಲ್ಲಿ ಗಡ್ಡೆಗೆ ತಿರುಗುತ್ತದೆ, ಎಷ್ಟು ವರ್ಷದಲ್ಲಿ? ಇದನ್ನು ತಿಳಿಯಲು ಕಲೆಯನ್ನು ಕೊಯ್ಯದೆ ಕಾದು ನೋಡಬೇಕು, ಅದನ್ನು ಯಾವ ನೈತಿಕ ಸಮಿತಿಯೂ ಒಪ್ಪದು. ಅಂಗುಳದಲ್ಲಿ ಎಷ್ಟು ಅಂಚು ಬಿಟ್ಟು ಕೊಯ್ದರೆ ಸಾಕು? ಹ್ಯಾಂಡ್ಲಿಯ ಒಂದು ಶವಪರೀಕ್ಷೆಗಿಂತ ತುಂಬ ಗಟ್ಟಿಯಾದ ಆಧಾರ ಬಾಯಿಗೆ ಇಂದಿಗೂ ಇಲ್ಲ. ಕುತ್ತಿಗೆಯಲ್ಲಿ ಗಂಟು ಕಾಣದಿದ್ದಾಗ ಅಲ್ಲಿಯ ಗ್ರಂಥಿಗಳನ್ನು ಮುಂಚಿತವಾಗಿ ತೆಗೆಯಬೇಕೇ, ಬಣ್ಣ ಹಾಯಿಸಿ ಮೊದಲ ಗ್ರಂಥಿಯನ್ನಷ್ಟೇ ಪರೀಕ್ಷಿಸಿದರೆ ಸಾಕೇ ಎಂಬುದರಲ್ಲಿ ಶಸ್ತ್ರವೈದ್ಯರು ಒಡೆದು ನಿಂತಿದ್ದಾರೆ. ಇಮ್ಯುನೊಥೆರಪಿಯನ್ನು ಶಸ್ತ್ರಕ್ರಿಯೆಗೆ ಮೊದಲೇ ಕೊಟ್ಟರೆ ಹೆಚ್ಚು ಫಲವೆಂದು 2023ರ ಪ್ರಯೋಗವೊಂದು ತೋರಿಸಿತು, ಆದರೆ ಅದರಲ್ಲಿದ್ದ ಹೆಚ್ಚಿನವರು ಚರ್ಮದ ರೋಗಿಗಳು. ಅಂಗುಳ ಉಳಿಸಿಕೊಳ್ಳುವ ಆಸೆಯಿಂದ ಬಾಯಿಯವರಿಗೂ ಹಾಗೆ ಮಾಡಬಹುದೇ?

ನಮಗೆ ಹತ್ತಿರದ ಪ್ರಶ್ನೆ ಇನ್ನೊಂದಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 2022ರಲ್ಲಿ, ಮಾಮೂಲಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ನಿವೊಲುಮ್ಯಾಬ್ ಕೊಟ್ಟು, ಅಂದರೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ತಲೆ-ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಆಯುಷ್ಯ ಹೆಚ್ಚಿಸಬಹುದು ಎಂದು ತೋರಿಸಿತು. ಒಂದು ವರ್ಷ ದಾಟಿದವರು ಶೇ 16ರಿಂದ ಶೇ 43ಕ್ಕೆ ಏರಿದರು. ಆ ರೋಗಿಗಳದು ಬಾಯ ಸಾಮಾನ್ಯ ಕ್ಯಾನ್ಸರ್ ಜಾತಿಯದು, ಮೆಲನೋಮಾ ಅಲ್ಲ. ಮೆಲನೋಮಾದಲ್ಲಿ ಅಷ್ಟು ಕಡಿಮೆ ಪ್ರಮಾಣ ನಡೆಯುತ್ತದೆಯೇ ಎಂದು ತಿಳಿಯಲು ಪ್ರಯೋಗ ಬೇಕು, ಪ್ರಯೋಗಕ್ಕೆ ರೋಗಿಗಳು ಬೇಕು. ಒಂದು ರಾಜ್ಯದ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳು, ದಂತ ಕಾಲೇಜುಗಳು ತಮ್ಮ ಬಳಿ ಬಂದ ಒಬ್ಬೊಬ್ಬ ರೋಗಿಯನ್ನೂ ಒಂದೇ ಪಟ್ಟಿಗೆ ಸೇರಿಸಿದರೂ ಆ ಸಂಖ್ಯೆ ಮುಟ್ಟುತ್ತದೆಯೇ, ಅಥವಾ ಜಪಾನ್, ಚೀನಾದವರ ಜೊತೆ ಕೂಡಿಯೇ ಮಾಡಬೇಕೇ ಎನ್ನುವುದು ಕೂಡ ಇನ್ನೂ ಯಾರಾದರೂ ಲೆಕ್ಕ ಹಾಕಿ ಹೇಳಬೇಕಾದ ಸಂಗತಿ.